ಶ್ರೀಜೇಶ್ ಹೊರಟರು, 16ನೇ ನಂಬರ್ ಜೆರ್ಸಿಯೂ ಹೊರಟಿತು: ಇನ್ನು ಗೋಲು ಕಾಯುವವರು ಯಾರು?

2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಹಾಕಿಯಲ್ಲಿ ಭಾರತ 2-1ರಿಂದ ಸ್ಪೇನ್ ವಿರುದ್ಧ ಗೆದ್ದು ಕಂಚು ಪಡೆಯಿತು. ಎರಡೂ ಗೋಲು ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರದು. ಆಟ ಮುಗಿದ ಮೇಲೆ ಮಾತ್ರ ಎಲ್ಲರ ಕಣ್ಣು ಹೋಗಿದ್ದು ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಕಡೆಗೆ. ಅವರು ಗೋಲ್‌ಪೋಸ್ಟ್ ಏರಿ ಕುಳಿತರು. ಶ್ರೀಜೇಶ್ ಅವರನ್ನು ಹರ್ಮನ್‌ಪ್ರೀತ್ ಹೆಗಲ ಮೇಲೆ ಹೊತ್ತು ಮೈದಾನದಲ್ಲಿ ನಡೆದರು. 336 ಅಂತಾರಾಷ್ಟ್ರೀಯ ಪಂದ್ಯ ಆಡಿದ ಆಟಗಾರನ ಕೊನೆಯ ದಿನ ಅದು.

ಆರು ದಿನದ ನಂತರ ದೆಹಲಿಯಲ್ಲಿ ನಡೆದ ಸನ್ಮಾನ ಸಮಾರಂಭದಲ್ಲಿ ದೇಶದ ಹಾಕಿ ಆಡಳಿತ ಸಂಸ್ಥೆ ಹಾಕಿ ಇಂಡಿಯಾ ಎರಡು ವಿಷಯ ಹೇಳಿತು. ಶ್ರೀಜೇಶ್ ತೊಡುತ್ತಿದ್ದ 16ನೇ ನಂಬರ್ ಜೆರ್ಸಿಯನ್ನು ಸೀನಿಯರ್ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲ. ಹಾಗೆಯೇ ಅವರು ಜೂನಿಯರ್ ಪುರುಷರ ತಂಡದ ಕೋಚ್ ಆಗುತ್ತಾರೆ, ಆ ತಂಡದಲ್ಲಿ 16 ನಂಬರ್ ಇರುತ್ತದೆ.

ಬಹಳ ಜನರಿಗೆ ಗೊಂದಲವಾಗಿದ್ದು ಇಲ್ಲೇ. ಇಷ್ಟು ಚೆನ್ನಾಗಿ ಆಡುತ್ತಿರುವವರು ಈಗಲೇ ಯಾಕೆ ಬಿಟ್ಟರು? ಒಂದು ನಂಬರನ್ನು ದೊಡ್ಡವರ ತಂಡದಿಂದ ತೆಗೆದು ಹುಡುಗರ ತಂಡದಲ್ಲಿ ಇಟ್ಟುಕೊಳ್ಳುವುದಕ್ಕೆ ಏನರ್ಥ? ಎಲ್ಲಕ್ಕಿಂತ ಮುಖ್ಯವಾಗಿ, ಅವರ ಜಾಗದಲ್ಲಿ ಯಾರು?

ಅಭಿಮಾನಿಗಳು ಏನು ಹೇಳುತ್ತಿದ್ದಾರೆ

ಈ ನಿವೃತ್ತಿ ದಿಢೀರ್ ಸುದ್ದಿಯೇನಲ್ಲ. ಜುಲೈ 22ರಂದೇ ಶ್ರೀಜೇಶ್ "ಪ್ಯಾರಿಸ್ ನನ್ನ ಕೊನೆಯ ಟೂರ್ನಿ" ಎಂಬ ಅರ್ಥದಲ್ಲಿ ಬರೆದುಕೊಂಡಿದ್ದರು. ಶ್ರೀಜೇಶ್‌ಗಾಗಿ ಗೆಲ್ಲೋಣ ಎಂಬ ಅಭಿಯಾನವನ್ನೂ ಹಾಕಿ ಇಂಡಿಯಾ ಶುರು ಮಾಡಿತ್ತು. ಆಗ ಅಭಿಮಾನಿಗಳು ಬೇಸರಪಟ್ಟರೂ ಒಪ್ಪಿಕೊಂಡಿದ್ದರು. ಆಮೇಲೆ ಆಗಸ್ಟ್ 4ರ ಕ್ವಾರ್ಟರ್‌ಫೈನಲ್ ಬಂತು. ಅಲ್ಲಿಂದ ಎಲ್ಲರ ಮನಸ್ಸು ತಿರುಗಿತು.

ಅವತ್ತು ಬ್ರಿಟನ್ ವಿರುದ್ಧ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ 17ನೇ ನಿಮಿಷದಲ್ಲೇ ರೆಡ್ ಕಾರ್ಡ್ ಸಿಕ್ಕಿತು. ಉಳಿದ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರಲ್ಲಿ ಆಡಿತು. ಬ್ರಿಟನ್ ಅಲೆ ಅಲೆಯಾಗಿ ಏರಿ ಬಂತು. ಆದರೂ 1-1ಕ್ಕೆ ಪಂದ್ಯ ನಿಂತಿತು, ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಅಂಥ ಆಟ ಆಡಿದ 36 ವರ್ಷದ ಮನುಷ್ಯ ನಾಲ್ಕು ದಿನದಲ್ಲಿ ಆಟ ಬಿಡುತ್ತಾನೆ ಅಂದರೆ ಜನ ಸುಮ್ನೆ ಇರುತ್ತಾರಾ?

ಈಗ ಕೇಳಿಬರುತ್ತಿರುವ ಮಾತುಗಳಲ್ಲಿ ದೊಡ್ಡ ದನಿ "ಇನ್ನೆರಡು ವರ್ಷ ಆಡಿ" ಎನ್ನುವವರದು. 2026ರ ವಿಶ್ವಕಪ್ ತನಕವಾದರೂ ಇರಲಿ ಎಂಬುದು ಅವರ ಆಸೆ. ಇನ್ನು ಕೆಲವರು ಗೆದ್ದು ಹೊರಟಿದ್ದೇ ಸರಿ ಎನ್ನುತ್ತಾರೆ, ಇದಕ್ಕಿಂತ ಒಳ್ಳೆಯ ದಿನ ಮತ್ತೆ ಸಿಗದು ಎನ್ನುತ್ತಾರೆ. ಅಷ್ಟು ಜೋರಾಗಿ ಕೇಳದ ಮೂರನೆಯ ದನಿಯೂ ಒಂದಿದೆ. ಒಬ್ಬ ಹೋದರೆ ಇಷ್ಟು ದಿಗಿಲು ಯಾಕೆ, ಇಷ್ಟು ವರ್ಷ ಇನ್ನೊಬ್ಬರನ್ನು ಯಾಕೆ ತಯಾರು ಮಾಡಲಿಲ್ಲ ಎಂದು ಅವರು ಕೇಳುತ್ತಿದ್ದಾರೆ. ಈ ಮೂರನೆಯ ಪ್ರಶ್ನೆಯೇ ಹೆಚ್ಚು ಮುಖ್ಯ ಎಂಬುದು ಈ ಲೇಖನದ ನಿಲುವು.

"ಇನ್ನೆರಡು ವರ್ಷ" ಎಂಬ ಲೆಕ್ಕ

ಮೊದಲು ಅಭಿಮಾನಿಗಳ ಆಸೆಯನ್ನೇ ನೋಡೋಣ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಹಾಕಿಯಲ್ಲಿ ಫಾರ್ವರ್ಡ್ ಆಟಗಾರರಿಗೆ ಓಟವೇ ಬಂಡವಾಳ. ಕಾಲಿನ ವೇಗ ಇಳಿದ ದಿನ ಅವರ ಆಟ ಮುಗಿಯಿತು. ಗೋಲ್‌ಕೀಪರ್‌ಗೆ ಹಾಗಲ್ಲ, ಅನುಭವ ಬೆಳೆದಷ್ಟೂ ಲಾಭ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ನೆದರ್ಲೆಂಡ್ಸ್‌ನ ಕೀಪರ್ ಪಿರ್ಮಿನ್ ಬ್ಲಾಕ್‌ಗೂ 36 ವರ್ಷ. ಬೆಲ್ಜಿಯಂನ ವಿನ್ಸೆಂಟ್ ವನಾಶ್‌ಗೂ ಅಷ್ಟೇ. ಹಾಗಾಗಿ ವಯಸ್ಸಾಯಿತು ಎಂಬ ಕಾರಣ ಇಲ್ಲಿ ಅಷ್ಟು ಗಟ್ಟಿಯಲ್ಲ.

ಗಟ್ಟಿಯಾದ ಕಾರಣ ಕ್ಯಾಲೆಂಡರ್‌ನಲ್ಲಿದೆ. ಹಾಕಿ ತಂಡಗಳು ನಾಲ್ಕು ವರ್ಷದ ಒಲಿಂಪಿಕ್ ಲೆಕ್ಕದಲ್ಲಿ ಕಟ್ಟಿಕೊಳ್ಳುತ್ತವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಶ್ರೀಜೇಶ್‌ಗೆ 40 ದಾಟಿರುತ್ತದೆ. ಅಲ್ಲಿಯವರೆಗೆ ಆಡುವುದು ಕಷ್ಟ. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಬಿಡಲೇಬೇಕು. 2026ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ವಿಶ್ವಕಪ್ ಇದೆ. ಅದರ ಬೆನ್ನಿಗೇ ಜಪಾನ್‌ನಲ್ಲಿ ಏಷ್ಯನ್ ಗೇಮ್ಸ್. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರೆ ಒಲಿಂಪಿಕ್ಸ್‌ಗೆ ನೇರ ದಾರಿ. ಅಲ್ಲಿಯವರೆಗೆ ಶ್ರೀಜೇಶ್ ಆಡಿದ್ದರೆ ಹೊಸ ಕೀಪರ್‌ಗೆ ಲಾಸ್ ಏಂಜಲೀಸ್‌ಗೆ ತಯಾರಾಗಲು ಎರಡೇ ವರ್ಷ ಸಿಗುತ್ತಿತ್ತು. ಈಗ ಬಿಟ್ಟಿದ್ದರಿಂದ ನಾಲ್ಕು ವರ್ಷ ಪೂರ್ತಿ ಸಿಗುತ್ತದೆ.

ಮೊದಲ ಎರಡು ವರ್ಷ ತಂಡ ಒಂದಷ್ಟು ಏಟು ತಿನ್ನಬಹುದು. ಆ ಏಟು ಈಗ ಬಿದ್ದರೆ ತಡೆದುಕೊಳ್ಳಬಹುದು, 2027ರಲ್ಲಿ ಬಿದ್ದರೆ ಕಷ್ಟ. ಆದ್ದರಿಂದ ಶ್ರೀಜೇಶ್ ಆರಿಸಿಕೊಂಡ ಸಮಯ ಅವರಿಗೂ ಒಳ್ಳೆಯದು, ತಂಡಕ್ಕೂ ಒಳ್ಳೆಯದು.

ಇಷ್ಟು ಸಂಕಟ ಯಾಕೆ?

ಇದಕ್ಕೆ ಭಾರತೀಯ ಹಾಕಿಯ ಹಳೆಯ ಗಾಯಗಳನ್ನು ನೋಡಬೇಕು. ನಮ್ಮ ಹಾಕಿ ಹೀರೋಗಳಿಗೆ ಒಳ್ಳೆಯ ವಿದಾಯ ಸಿಕ್ಕಿದ್ದು ಬಹಳ ಕಡಿಮೆ.

1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. 32 ವರ್ಷದ ನಂತರ ಭಾರತ ಅಲ್ಲಿ ಚಿನ್ನ ಗೆದ್ದಿತು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಲು ಕಾದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಊರಿಗೆ ಬಂದ ಮೇಲೆ ಏನಾಯಿತು? ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರನ್ನು ಆಗಿನ ಫೆಡರೇಶನ್ ತಂಡದಿಂದಲೇ ಕೈಬಿಟ್ಟಿತು. ಚಿನ್ನ ಗೆದ್ದವರಿಗೆ ಸಿಕ್ಕ ಬಳುವಳಿ ಅದು. ಆ ತಲೆಮಾರಿನ ಅಭಿಮಾನಿಗಳು ಇವತ್ತಿಗೂ ಅದನ್ನು ಮರೆತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮ್ಯಾನುಯಲ್ ಫ್ರೆಡರಿಕ್ ಅವರ ಕಥೆ ಸಿಗುತ್ತದೆ. ಕಣ್ಣೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಗೋಲ್‌ಕೀಪರ್. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದಿದ್ದು 2019ರಲ್ಲಿ. ಅಂದರೆ ಪದಕ ಗೆದ್ದು 47 ವರ್ಷ ಆದ ಮೇಲೆ.

ಇತ್ತೀಚಿನ ಉದಾಹರಣೆ ಬೇಕಾದರೆ ಸೋಮವಾರಪೇಟೆಯ ಎಸ್.ವಿ. ಸುನಿಲ್. 264 ಪಂದ್ಯ, 72 ಗೋಲು. ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 41 ವರ್ಷದ ನಂತರ ಬಂದ ಪದಕವನ್ನು ಅವರು ದೂರದಿಂದಲೇ ನೋಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. ಕೊಡಗಿನ ಹಾಕಿ ಪ್ರೇಮಿಗಳಿಗೆ ಆ ನೋವು ಇನ್ನೂ ಆರಿಲ್ಲ.

ಇಂಥ ಇತಿಹಾಸ ಇರುವಾಗ, ಒಬ್ಬ ಆಟಗಾರ ತಾನೇ ದಿನ ಗೊತ್ತುಮಾಡಿ, ಕೊರಳಲ್ಲಿ ಪದಕ ಹಾಕಿಕೊಂಡು, ಸಮಾರೋಪದಲ್ಲಿ ಮನು ಭಾಕರ್ ಜೊತೆ ದೇಶದ ಧ್ವಜ ಹಿಡಿದು ಹೊರಟಿದ್ದು ದೊಡ್ಡ ವಿಷಯ. ಸಂಕಟದ ಜೊತೆಗೆ ಒಂದು ಸಮಾಧಾನವೂ ಸೇರಿಕೊಂಡಿದೆ. ಅದಕ್ಕೇ ಪ್ರತಿಕ್ರಿಯೆ ಇಷ್ಟು ಜೋರಾಗಿದೆ.

"ಮನಸ್ಸು ಬದಲಿಸಿ ಮತ್ತೆ ಬರಬಹುದು" ಎಂಬ ಆಸೆಯೂ ಎಲ್ಲಿಂದಲೋ ಬಂದಿದ್ದಲ್ಲ. 2021ರಲ್ಲಿ ನಿವೃತ್ತಿ ಹೇಳಿದ್ದ ಬೀರೇಂದ್ರ ಲಾಕ್ರಾ 2022ರ ಏಷ್ಯಾ ಕಪ್‌ಗೆ ಮರಳಿ ಬಂದು ನಾಯಕರಾದರು. ಸುನಿಲ್ ಉಪನಾಯಕರಾದರು. ಆ ತಂಡ ಕಂಚು ಗೆದ್ದಿತು. ಆದರೆ ಅದು ಬಹುಪಾಲು ಹೊಸಬರ ತಂಡ, ಅವರಿಗೆ ದಾರಿ ತೋರಿಸಲು ಹಿರಿಯರು ಬೇಕಾಗಿದ್ದರು. ಶ್ರೀಜೇಶ್ ವಿಷಯದಲ್ಲಿ ಅಂಥ ಸಂದರ್ಭ ಇಲ್ಲ. ಅವರು ಆಗಲೇ ಕೋಚ್ ಹುದ್ದೆ ಒಪ್ಪಿಕೊಂಡಿದ್ದರು.

ಗೋಲ್‌ಕೀಪರ್ ಹೋದರೆ ಏನು ಹೋಗುತ್ತದೆ?

ಟಿವಿಯಲ್ಲಿ ಕಾಣುವುದು ಚೆಂಡು ತಡೆಯುವುದು ಮಾತ್ರ. ಕೀಪರ್‌ನ ಅರ್ಧ ಕೆಲಸ ಅದಕ್ಕೂ ಮೊದಲೇ ಆಗಿರುತ್ತದೆ.

ಪೆನಾಲ್ಟಿ ಕಾರ್ನರ್ ಒಂದನ್ನೇ ನೋಡಿ. ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಲ್ಲಿ, ತಪ್ಪಾದಾಗ ಎದುರಾಳಿಗೆ ಸಿಗುವ ಅವಕಾಶ ಅದು. ಗೋಲಿನ ಹಿಂದಿನ ಗೆರೆಯ ಆಚೆ ಐವರೇ ನಿಲ್ಲಬಹುದು, ಕೀಪರ್ ಮತ್ತು ನಾಲ್ವರು. ಉಳಿದವರು ಮೈದಾನದ ನಡುಗೆರೆ ಆಚೆ. ಎದುರಾಳಿ ಗೆರೆಯಿಂದ ಚೆಂಡು ತಳ್ಳುತ್ತಾನೆ, ಇನ್ನೊಬ್ಬ ಡಿ ಹೊರಗೆ ಅದನ್ನು ನಿಲ್ಲಿಸುತ್ತಾನೆ, ಡ್ರ್ಯಾಗ್ ಫ್ಲಿಕ್ ಮಾಡುವವನು ಎಳೆದು ಎಸೆಯುತ್ತಾನೆ. ಒಳ್ಳೆಯ ಫ್ಲಿಕ್ ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗದಲ್ಲಿ ಬರುತ್ತದೆ. ಚೆಂಡು ಗೋಲು ತಲುಪಲು ಬೇಕಾಗುವುದು ಸುಮಾರು ಅರ್ಧ ಸೆಕೆಂಡು. ಕಾಯಬೇಕಾದ ಜಾಗ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ.

ಅರ್ಧ ಸೆಕೆಂಡಿನಲ್ಲಿ ನೋಡಿ, ಯೋಚಿಸಿ, ಹಾರಲು ಆಗುವುದಿಲ್ಲ. ಹಾಗಾಗಿ ಕೀಪರ್ ಮೊದಲೇ ತೀರ್ಮಾನ ಮಾಡಿರಬೇಕು. ಯಾರು ಮೊದಲು ಓಡಬೇಕು, ಅವನು ಫ್ಲಿಕ್‌ನ ಯಾವ ದಿಕ್ಕನ್ನು ಮುಚ್ಚಬೇಕು, ಪೋಸ್ಟ್ ಪಕ್ಕ ಯಾರು ನಿಲ್ಲಬೇಕು, ತನಗೆ ಉಳಿಯುವ ಮೂಲೆ ಯಾವುದು. ಓಡುವವನು ಒಂದು ದಿಕ್ಕನ್ನು ಮೈಯೊಡ್ಡಿ ಮುಚ್ಚಿದರೆ ಕೀಪರ್ ಇನ್ನೊಂದು ದಿಕ್ಕಿಗೆ ಧೈರ್ಯವಾಗಿ ಹೋಗಬಹುದು. ಇಬ್ಬರ ನಡುವೆ ನಂಬಿಕೆ ಇಲ್ಲದಿದ್ದರೆ ಇಡೀ ಲೆಕ್ಕ ಕೆಡುತ್ತದೆ. ಭಾರತಕ್ಕೆ ಹಾಗೆ ಮೊದಲು ಓಡುವವರು ರೋಹಿದಾಸ್. ಬ್ರಿಟನ್ ವಿರುದ್ಧದ ರೆಡ್ ಕಾರ್ಡ್‌ನಿಂದ ಅಮಾನತಾಗಿ ಅವರು ಜರ್ಮನಿ ವಿರುದ್ಧದ ಸೆಮಿಫೈನಲ್ ಆಡಲಿಲ್ಲ, ಭಾರತ 2-3ರಿಂದ ಸೋತಿತು. ಸೋಲಿಗೆ ಅದೊಂದೇ ಕಾರಣ ಅಂತ ಹೇಳಲಾಗದು. ಆದರೆ ಅವರ ಗೈರು ತಂಡವನ್ನು ಕಾಡಿದ್ದು ನಿಜ.

ಟೋಕಿಯೊದಲ್ಲಿ ಅದೇ ಜರ್ಮನಿ ವಿರುದ್ಧ 5-4 ಇದ್ದಾಗ ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಶ್ರೀಜೇಶ್ ತಡೆದ ಪೆನಾಲ್ಟಿ ಕಾರ್ನರ್ ಕೂಡ ಇಂಥದ್ದೇ ಕೆಲಸದ ಫಲ. ವರ್ಷಗಟ್ಟಲೆ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಒಟ್ಟಿಗೆ ಅಭ್ಯಾಸ ಮಾಡಿ ಬೆಳೆದ ಹೊಂದಾಣಿಕೆ ಅದು. ಹೊಸಬರಿಗೆ ಅದನ್ನು ವಿಡಿಯೊ ತೋರಿಸಿ ಕಲಿಸಲಾಗದು.

ಶೂಟೌಟ್ ಇನ್ನೊಂದು ಬಗೆಯ ಪರೀಕ್ಷೆ. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತರುತ್ತಾನೆ, ಅವನಿಗೆ ಸಿಗುವುದು 8 ಸೆಕೆಂಡು. ಅನುಭವಿ ಕೀಪರ್ ಚೆಂಡಿಗೆ ಆತುರಪಡದೆ ಸಮಯ ತಿನ್ನುತ್ತಾನೆ, ಎದುರಾಳಿಯನ್ನು ಇಕ್ಕಟ್ಟಿನ ಮೂಲೆಗೆ ತಳ್ಳುತ್ತಾನೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶ್ರೀಜೇಶ್ ಗೆದ್ದುಕೊಟ್ಟಿದ್ದು ಹೀಗೆಯೇ. ಪ್ಯಾರಿಸ್‌ನಲ್ಲಿ ಬ್ರಿಟನ್‌ನ ಫಿಲ್ ರೋಪರ್‌ನನ್ನು ತಡೆದಿದ್ದೂ ಹೀಗೆಯೇ.

ಜೆರ್ಸಿ ಗೊಂದಲ

ಜೆರ್ಸಿ ನಂಬರನ್ನು ಗೌರವಕ್ಕೆ ತೆಗೆದಿಡುವ ಪದ್ಧತಿ ಮೊದಲು ಬೇರೂರಿದ್ದು ಉತ್ತರ ಅಮೆರಿಕದ ಕ್ಲಬ್ ಆಟಗಳಲ್ಲಿ. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್‌ಕಿ ಅವರ 99 ನಂಬರನ್ನು 2000ರಲ್ಲಿ ಇಡೀ ಲೀಗೇ ತೆಗೆದಿಟ್ಟಿತು. ಆದರೆ ಕ್ಲಬ್ ಬೇರೆ, ದೇಶದ ತಂಡ ಬೇರೆ. ಅರ್ಜೆಂಟೀನಾ ಫುಟ್‌ಬಾಲ್ ಸಂಸ್ಥೆ ಮರಡೋನಾ ಅವರ 10 ನಂಬರನ್ನು ತೆಗೆದಿಡಲು ಹೊರಟಾಗ ಫಿಫಾ ಒಪ್ಪಲಿಲ್ಲ. ವಿಶ್ವಕಪ್‌ನಲ್ಲಿ ನಂಬರ್‌ಗಳು 1ರಿಂದ ಸಾಲಾಗಿ ಇರಬೇಕು ಎಂಬುದು ಅಲ್ಲಿನ ನಿಯಮ. 2002ರಲ್ಲಿ ಆ ಜೆರ್ಸಿಯನ್ನು ಆರಿಯೆಲ್ ಒರ್ಟೇಗಾ ತೊಟ್ಟರು. ಆಮೇಲೆ ಅದು ಮೆಸ್ಸಿಗೆ ಬಂತು.

ನಮ್ಮಲ್ಲಿ ಈ ಪದ್ಧತಿ ಬರಲು ಕ್ರಿಕೆಟ್ ಅಭಿಮಾನಿಗಳೇ ಕಾರಣ ಎನ್ನಬಹುದು. 2017ರಲ್ಲಿ ಶ್ರೀಲಂಕಾದಲ್ಲಿ ಶಾರ್ದೂಲ್ ಠಾಕೂರ್ ತಮ್ಮ ಮೊದಲ ಏಕದಿನ ಪಂದ್ಯಕ್ಕೆ 10 ನಂಬರ್ ತೊಟ್ಟು ಬಂದರು. ತೆಂಡೂಲ್ಕರ್ ನಂಬರನ್ನು ಹೇಗೆ ಹಾಕಿಕೊಂಡೆ ಅಂತ ಜನ ಆ ಹುಡುಗನ ಮೇಲೆ ಮುಗಿಬಿದ್ದರು. ಅವರು 54ಕ್ಕೆ ಬದಲಾದರು. 10 ನಂಬರ್ ಮತ್ತೆ ಯಾರ ಬೆನ್ನಿಗೂ ಬರಲಿಲ್ಲ.

ಈಗ 16ರ ವಿಷಯದಲ್ಲಿ ಎರಡು ವಾದ ಇವೆ. ಒಂದು, ಕ್ರಿಕೆಟ್‌ಗೆ ಸಿಗುವ ಗೌರವ ಹಾಕಿಗೂ ಸಿಗಲಿ, ಅದರಲ್ಲೂ ಸದಾ ಹಿಂದೆ ನಿಲ್ಲುವ ಗೋಲ್‌ಕೀಪರ್‌ಗೆ ಸಿಗಲಿ. ಇನ್ನೊಂದು, ದೇಶದ ಜೆರ್ಸಿ ಕೈಯಿಂದ ಕೈಗೆ ದಾಟಬೇಕು, ಅದನ್ನು ತೊಡುವ ಆಸೆಯಲ್ಲೇ ಹುಡುಗರು ಬೆಳೆಯಬೇಕು. ಹಾಕಿ ಇಂಡಿಯಾ ಎರಡಕ್ಕೂ ಜಾಗ ಮಾಡಲು ನೋಡಿದೆ. ಸೀನಿಯರ್ ತಂಡದಲ್ಲಿ ನಂಬರ್ ಶ್ರೀಜೇಶ್ ಹೆಸರಿನಲ್ಲೇ ಉಳಿಯುತ್ತದೆ, ಜೂನಿಯರ್ ತಂಡದಲ್ಲಿ ಮುಂದಿನವನ ಬೆನ್ನಿಗೆ ಬರುತ್ತದೆ.

ಇದರಲ್ಲೊಂದು ಒಳ್ಳೆಯದಿದೆ. ಸೀನಿಯರ್ ತಂಡಕ್ಕೆ ಬರುವ ಕೀಪರ್ 16 ತೊಟ್ಟಿದ್ದರೆ ಮೊದಲ ತಪ್ಪಿಗೇ ಹೋಲಿಕೆ ಶುರುವಾಗುತ್ತಿತ್ತು. ಶಾರ್ದೂಲ್‌ಗೆ ಆಗಿದ್ದು ಅವರಿಗೂ ಆಗುತ್ತಿತ್ತು. ಬೇರೆ ನಂಬರ್ ಇದ್ದರೆ ಆ ಭಾರ ಸ್ವಲ್ಪ ಕಡಿಮೆ.

ಎರಡನೆಯ ಕೀಪರ್ ಕಥೆ

ಈಗ ನಿಜವಾದ ಸಮಸ್ಯೆಗೆ ಬರೋಣ. ಶ್ರೀಜೇಶ್ ಬೆನ್ನಿಗೆ ಇರುವ ಹೆಸರು ಕೃಷ್ಣ ಬಹಾದ್ದೂರ್ ಪಾಠಕ್. 2018ರಿಂದ ಸೀನಿಯರ್ ತಂಡದಲ್ಲಿದ್ದಾರೆ, ನೂರಕ್ಕೂ ಹೆಚ್ಚು ಪಂದ್ಯ ಆಡಿದ್ದಾರೆ. ಪ್ಯಾರಿಸ್‌ಗೂ ಹೋಗಿದ್ದರು, ಆದರೆ ಮೀಸಲು ಆಟಗಾರನಾಗಿ. ಒಲಿಂಪಿಕ್ಸ್‌ನಲ್ಲಿ ಇವತ್ತಿಗೂ ಅವರು ಒಂದು ನಿಮಿಷ ಆಡಿಲ್ಲ.

ಕಾರಣ ಇಷ್ಟೇ. ಒಲಿಂಪಿಕ್ ತಂಡದಲ್ಲಿ 16 ಜನ ಮಾತ್ರ. ಹಾಕಿ ಈಗ ಓಟದ ಆಟ. ಆಟಗಾರರು ಕೆಲವೇ ನಿಮಿಷ ಆಡಿ ಹೊರಬಂದು ಉಸಿರು ತೆಗೆದುಕೊಂಡು ಮತ್ತೆ ಹೋಗುತ್ತಾರೆ. ಹಾಗಾಗಿ ಓಡುವ ಕಾಲು ಒಂದು ಜಾಸ್ತಿ ಇದ್ದಷ್ಟೂ ಲಾಭ. ಕೋಚ್‌ಗಳು ಎರಡನೆಯ ಕೀಪರ್ ಬದಲು ಒಬ್ಬ ಆಟಗಾರನನ್ನು ಸೇರಿಸಿಕೊಳ್ಳುತ್ತಾರೆ. ತಂಡಕ್ಕೆ ಅದು ಲಾಭವೇ. ಪೆಟ್ಟು ಬೀಳುವುದು ಎರಡನೆಯ ಕೀಪರ್‌ಗೆ.

ಶ್ರೀಜೇಶ್ ಬೆಳೆದ ಕಾಲ ಬೇರೆ. 2006ರಲ್ಲಿ ಕೊಲಂಬೊದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವರು ಮೊದಲು ಆಡಿದರು. ಮುಂದಿನ ಹಲವು ವರ್ಷ ತಂಡದ ಒಳಗೆ ಹೊರಗೆ ಓಡಾಡಿದರು. 2012ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಇಬ್ಬರು ಕೀಪರ್ ಇದ್ದರು. ಒಬ್ಬರು ನಾಯಕ ಭರತ್ ಛೆಟ್ರಿ, ಇನ್ನೊಬ್ಬರು ಶ್ರೀಜೇಶ್. ಭಾರತ ಅಲ್ಲಿ 12ನೇ ಸ್ಥಾನಕ್ಕೆ ಕುಸಿಯಿತು. ಆದರೆ ಒಲಿಂಪಿಕ್ಸ್ ಅಂದರೆ ಏನು, ಅಲ್ಲಿ ಸೋತರೆ ಹೇಗಿರುತ್ತದೆ ಎಂಬುದನ್ನು ಶ್ರೀಜೇಶ್ 24ನೇ ವಯಸ್ಸಿನಲ್ಲೇ ನೋಡಿದರು. ಎರಡು ವರ್ಷದ ನಂತರ ಇಂಚಿಯಾನ್‌ನ ಹೀರೋ ಆದರು. ಪ್ಯಾರಿಸ್ ಹೊತ್ತಿಗೆ 27 ದಾಟಿದ್ದ ಪಾಠಕ್‌ಗೆ ಆ ಪಾಠ ಸಿಕ್ಕಿರಲಿಲ್ಲ.

ಕೋಚ್‌ಗಳು ಪ್ರಯತ್ನ ಮಾಡಲಿಲ್ಲ ಎಂದಲ್ಲ. 2023ರ ಒಡಿಶಾ ವಿಶ್ವಕಪ್‌ನಲ್ಲಿ ಆಗಿನ ಕೋಚ್ ಗ್ರಹಾಂ ರೀಡ್ ಇಬ್ಬರನ್ನೂ ಕ್ವಾರ್ಟರ್ ಹಂಚಿ ಆಡಿಸಿದರು. ನ್ಯೂಜಿಲೆಂಡ್ ವಿರುದ್ಧದ ಶೂಟೌಟ್‌ನಲ್ಲಿ ಶ್ರೀಜೇಶ್‌ಗೆ ಗಾಯವಾಗಿ ಪಾಠಕ್ ನಡುವೆಯೇ ಬರಬೇಕಾಯಿತು. ಭಾರತ ಸೋತು ಹೊರಬಿತ್ತು. ಹೀಗೆ ಅರ್ಧರ್ಧ ಹಂಚಿಕೊಂಡು ಆಡಿದರೆ ಕೈ ಪಳಗುತ್ತದೆ, ಪೂರ್ತಿ ಜವಾಬ್ದಾರಿ ಹೊತ್ತ ಅನುಭವ ಬರುವುದಿಲ್ಲ. ಹಿಂದೆ ಶ್ರೀಜೇಶ್ ಇದ್ದಾರೆ ಎಂಬ ಧೈರ್ಯ ಪಾಠಕ್‌ಗೂ ಇತ್ತು, ತಂಡಕ್ಕೂ ಇತ್ತು.

ದೇಶದೊಳಗಿನ ಆಟವೂ ಇಲ್ಲಿ ಸಹಾಯ ಮಾಡಿಲ್ಲ. ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತೇ ಹೋಗಿತ್ತು, ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಹಿಂದೆ ಲೀಗ್ ನಡೆಯುತ್ತಿದ್ದಾಗಲೂ ತಂಡಗಳು ವಿದೇಶಿ ಕೀಪರ್‌ಗಳನ್ನು ತರುತ್ತಿದ್ದವು. ದಬಂಗ್ ಮುಂಬೈಗೆ ಐರ್ಲೆಂಡಿನ ಡೇವಿಡ್ ಹಾರ್ಟ್ ಇದ್ದರು. ಗೆಲ್ಲಬೇಕೆನ್ನುವ ಮಾಲೀಕ ಒಳ್ಳೆಯ ಕೀಪರ್ ತರುವುದು ಸಹಜ. ಆದರೆ ಗೋಲಿಗೆ ಒಬ್ಬನೇ ನಿಲ್ಲುವುದು. ಒಬ್ಬ ವಿದೇಶಿ ಕೀಪರ್ ಬಂದರೆ ಒಬ್ಬ ಭಾರತೀಯ ಕೀಪರ್ ಬೆಂಚಿಗೆ ಹೋಗುತ್ತಾನೆ.

ಕೋಚ್ ಶ್ರೀಜೇಶ್‌ನಿಂದ ಏನು ಸಿಗಬಹುದು

ಜೂನಿಯರ್ ತಂಡದ ಜವಾಬ್ದಾರಿ ಅವರಿಗೆ ಕೊಟ್ಟಿದ್ದು ಒಳ್ಳೆಯದೇ. ಆದರೆ ಹೆಡ್ ಕೋಚ್ ಇಡೀ ತಂಡ ನೋಡಬೇಕು, ಗೋಲ್‌ಕೀಪರ್‌ಗಳನ್ನೇ ತಿದ್ದುತ್ತಾ ಕೂರಲು ಆಗುವುದಿಲ್ಲ. ಇಲ್ಲಿಯವರೆಗೆ ನೆದರ್ಲೆಂಡ್ಸ್‌ನ ಡೆನಿಸ್ ವಾನ್ ಡೆ ಪೋಲ್ ಆಗಾಗ ಬೆಂಗಳೂರಿಗೆ ಬಂದು ನಮ್ಮ ಕೀಪರ್‌ಗಳಿಗೆ ವಿಶೇಷ ಶಿಬಿರ ನಡೆಸಿದ್ದಾರೆ. ಬಂದು ಹೋಗುವ ಕೋಚ್ ಸಾಕಾಗುವುದಿಲ್ಲ. ರಾಜ್ಯ ಮಟ್ಟದಲ್ಲೂ ಖಾಯಂ ಗೋಲ್‌ಕೀಪಿಂಗ್ ಕೋಚ್‌ಗಳು ಬೇಕು.

ನಮ್ಮ ರಾಜ್ಯಕ್ಕೂ ಇದು ಸಂಬಂಧಪಟ್ಟ ವಿಷಯ. ಕೊಡಗಿನ ಎ.ಬಿ. ಸುಬ್ಬಯ್ಯ, ಆಶಿಶ್ ಬಲ್ಲಾಳ್ ಅವರಂಥ ಕೀಪರ್‌ಗಳನ್ನು ಕೊಟ್ಟ ನಾಡಿದು. 2023ರಲ್ಲಿ ಕ್ವಾಲಾಲಂಪುರದ ಜೂನಿಯರ್ ವಿಶ್ವಕಪ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಕೀಪರ್‌ಗಳಲ್ಲಿ ಕರ್ನಾಟಕದ ಮೋಹಿತ್ ಎಚ್.ಎಸ್. ಇದ್ದರು. ಕೀಪರ್ ಆಗುವುದು ಖರ್ಚಿನ ಕೆಲಸ. ಪ್ಯಾಡ್, ಕಿಕ್ಕರ್ (ಪಾದದ ಕವಚ), ಹೆಲ್ಮೆಟ್, ಎದೆಗಾಪು ಎಲ್ಲ ಬೇಕು. ಶ್ರೀಜೇಶ್ ಅವರ ಮೊದಲ ಕಿಟ್‌ಗೆ ಅವರ ತಂದೆ ಮನೆಯ ಹಸು ಮಾರಿದ್ದರು. ಮುಂದಿನ ಕೀಪರ್‌ನ ಮನೆಯವರು ಹಾಗೆ ಮಾಡಬೇಕಾಗಿ ಬರಬಾರದು.

ಮುಂದೆ ಆಗಬಹುದಾದದ್ದು

2024ರ ಸೆಪ್ಟೆಂಬರ್ 8ರಿಂದ ಚೀನಾದಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ನಡೆಯಿತು. ಶ್ರೀಜೇಶ್ ಇಲ್ಲದ ಮೊದಲ ದೊಡ್ಡ ಟೂರ್ನಿ ಅದು. ಅಲ್ಲಿ ಭಾರತವೇ ಬಲಿಷ್ಠ ತಂಡವಾಗಿತ್ತು, ಗೆದ್ದಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಗೆಲುವನ್ನು ನೋಡಿ ಕೀಪರ್ ಸಮಸ್ಯೆ ಮುಗಿಯಿತು ಎಂದುಕೊಳ್ಳುವುದು ಅವಸರ. ಏಷ್ಯಾದಲ್ಲಿ ಭಾರತದ ಗೋಲಿನ ಮೇಲೆ ಬೀಳುವ ಒತ್ತಡ ಕಡಿಮೆ. ಯುರೋಪಿನ ತಂಡಗಳ ಎದುರು, ಅವರದೇ ಮೈದಾನದಲ್ಲಿ, ದೇಶಗಳ ನಡುವಿನ ಪ್ರೊ ಲೀಗ್ ಆಡುವಾಗ ಪಾಠಕ್ ಮತ್ತು ಇನ್ನೊಬ್ಬ ಕೀಪರ್ ಸೂರಜ್ ಕರ್ಕೇರ ಹೇಗೆ ನಿಲ್ಲುತ್ತಾರೆ ಎಂಬುದೇ ನಿಜವಾದ ಅಳತೆ. ಅಲ್ಲಿ ಒಂದೆರಡು ಸರಣಿ ಕೈತಪ್ಪಬಹುದು. ಆಗ "ಶ್ರೀಜೇಶ್ ಇದ್ದಿದ್ದರೆ" ಎಂಬ ಕೂಗು ಏಳುವುದು ಖಂಡಿತ.

ಆ ಹೊತ್ತಿನಲ್ಲಿ ಕೋಚ್ ಕ್ರೇಗ್ ಫುಲ್ಟನ್ ಪಾಠಕ್‌ರನ್ನೇ ಆಡಿಸುತ್ತಾ ಹೋಗುತ್ತಾರಾ, ಅಥವಾ ಪ್ರತಿ ಸೋಲಿಗೂ ಕೀಪರ್ ಬದಲಿಸುತ್ತಾರಾ? ಮೊದಲನೆಯದು ನಡೆದರೆ 2026ರ ವಿಶ್ವಕಪ್‌ಗೆ ಭಾರತ ಸೋಲು ಗೆಲುವು ಎರಡನ್ನೂ ಕಂಡ ಒಬ್ಬ ಗಟ್ಟಿ ಕೀಪರ್ ಜೊತೆ ಹೋಗುತ್ತದೆ. ಎರಡನೆಯದು ನಡೆದರೆ ಎರಡು ವರ್ಷದ ನಂತರವೂ ಇದೇ ಪ್ರಶ್ನೆ ಕೇಳುತ್ತಾ ಕೂರಬೇಕಾಗುತ್ತದೆ. ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ತಂಡಗಳು ಎಷ್ಟು ಭಾರತೀಯ ಕೀಪರ್‌ಗಳನ್ನು ನಿಜವಾಗಿ ಮೈದಾನಕ್ಕೆ ಇಳಿಸುತ್ತವೆ ಎಂಬುದನ್ನೂ ಗಮನಿಸಬೇಕು. ಲೀಗ್‌ನ ನಿಯಮ ಬರೆಯುವುದು ಹಾಕಿ ಇಂಡಿಯಾ. ಪ್ರತಿ ತಂಡವೂ ಭಾರತೀಯ ಕೀಪರ್‌ಗೆ ಇಂತಿಷ್ಟು ಪಂದ್ಯ ಕೊಡಲೇಬೇಕು ಎಂದು ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.